ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಬೇಕೆಂದಿದ್ದೇನೆ, ಊರಿನ ಹಿರಿಯರು ‘ಅವಿರೋಧ’ ಎನ್ನುತ್ತಿದ್ದಾರೆ

ಪ್ರಶ್ನೆ: ಜಗಳೂರು ತಾಲ್ಲೂಕಿನಿಂದ ಒಬ್ಬ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ಹೊಲಿಗೆ ಮಾಡುತ್ತೇನೆ. ನಮಗಿರುವ ಸ್ವಲ್ಪ ಖುಷ್ಕಿ ಜಮೀನಿನಲ್ಲಿ ಮೆಕ್ಕೆಜೋಳ, ಶೇಂಗಾ ಬೆಳೆಯುತ್ತೇವೆ. ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರವನ್ನು ಕೆಲವು ವರ್ಷಗಳಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮ ಕ್ಷೇತ್ರದಿಂದ ನಿಲ್ಲಬೇಕೆಂದು ಮನಸ್ಸು ಮಾಡಿದ್ದೇನೆ. ಆದರೆ ಮನೆಯ ಒಳಗೂ ಹೊರಗೂ ಕೆಲವು ಅಡ್ಡಿಗಳಿವೆ, ಅವುಗಳ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ.

ನಿಲ್ಲಬೇಕೆನ್ನಿಸಿದ ಕಾರಣವನ್ನು ಮೊದಲು ಹೇಳಬೇಕು. ನಮ್ಮ ಭಾಗದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಇಲ್ಲಿ ಯಾರಿಗೂ ಹೊಸ ವಿಷಯವಲ್ಲ. ಹಲ್ಲು ಕಂದಿದ ಮಕ್ಕಳನ್ನೂ ಮೊಣಕಾಲು ಮಡಿಸಲಾಗದ ಹಿರಿಯರನ್ನೂ ಪ್ರತಿ ಓಣಿಯಲ್ಲಿ ಕಾಣಬಹುದು. ನಮ್ಮೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ಸಂಘದ ಹೆಂಗಸರು. ಆ ಘಟಕ ಕೆಟ್ಟು ಬಹಳ ದಿನಗಳಾಗಿದ್ದು, ದುರಸ್ತಿಗೆ ಯಾರನ್ನು ಕೇಳಬೇಕೆಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ನಮ್ಮ ಕ್ಷೇತ್ರದ ಮಹಿಳಾ ಸದಸ್ಯರನ್ನು ಕೇಳಲು ಹೋದರೆ ಅವರ ಯಜಮಾನರು ಹೊರಗೆ ಬಂದು ಉತ್ತರ ಹೇಳುತ್ತಾರೆ, ಅವರು ಮಾತ್ರ ಒಳಗೇ ಇರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಳೆದ ಬಾರಿ ಆ ಸ್ಥಾನಕ್ಕೆ ಚುನಾವಣೆಯೇ ನಡೆಯಲಿಲ್ಲ. ಗುಡಿಯ ಕಟ್ಟೆಯ ಮೇಲೆ ದೈವಸ್ಥರು, ಅಂದರೆ ಊರಿನ ಹಿರಿಯರು, ಸೇರಿ, ಗುಡಿಯ ಕೆಲಸಕ್ಕೆ ಹೆಚ್ಚು ಹಣ ಕೊಡುವವರ ಮನೆಗೆ ಸ್ಥಾನ ಎಂದು ತೀರ್ಮಾನಿಸಿದರು. ಉಳಿದವರು ನಾಮಪತ್ರ ಹಾಕಲಿಲ್ಲ, ಹಾಕಿದ್ದವರೊಬ್ಬರು ಹಿಂದಕ್ಕೆ ಪಡೆದರು. ಈ ಬಾರಿಯೂ ಅದೇ ಮಾತು ಶುರುವಾಗಿದೆ.

ಹೀಗೆ ಮಾಡುವುದು ಕಾನೂನಿನ ಪ್ರಕಾರ ಸರಿಯೇ? ಎಲ್ಲರೂ ಒಪ್ಪಿದ್ದಾರೆಂದು ಹೇಳುತ್ತಿರುವಾಗ ನಾನೊಬ್ಬಳೇ ನಾಮಪತ್ರ ಹಾಕಿದರೆ ಏನಾಗುತ್ತದೆ? ನನ್ನ ಯಜಮಾನರು ಬೇಡವೆನ್ನುತ್ತಿಲ್ಲ, ಆದರೆ ಅಣ್ಣತಮ್ಮಂದಿರ ಜಮೀನು ಒಂದೇ ಕಡೆ ಇರುವಾಗ ಊರಿನ ವಿರೋಧ ಕಟ್ಟಿಕೊಂಡು ಬದುಕುವುದು ಹೇಗೆಂದು ಯೋಚಿಸುತ್ತಿದ್ದಾರೆ. ಅತ್ತೆಯವರು ನಿಲ್ಲು ಎನ್ನುತ್ತಾರೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿವರೆಗೆ. ಖರ್ಚು ಮಾಡಲು ನಮ್ಮಲ್ಲಿ ಹಣವಿಲ್ಲ, ಇದ್ದರೂ ಓಟಿಗಾಗಿ ಕೊಡುವ ಮನಸ್ಸಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ನಿವೃತ್ತ ಸರ್ಕಾರಿ ನೌಕರ, ಚಿತ್ರದುರ್ಗ

ತಂಗಿ, ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ನಾನು ನೌಕರಿಯಲ್ಲಿದ್ದಾಗ ಚಿತ್ರದುರ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಲ್ಲಿ ಪಂಚಾಯಿತಿ ಚುನಾವಣೆಯ ಕೆಲಸ ಮಾಡಿದವನು, ನಾಮಪತ್ರ ಸ್ವೀಕರಿಸುವ ಮೇಜಿನ ಪಕ್ಕದಲ್ಲಿ ಕುಳಿತು ನೋಡಿದವನು. ಆದ್ದರಿಂದ ಕಾನೂನು ಮತ್ತು ಕಾಗದಪತ್ರದ ಭಾಗವನ್ನಷ್ಟೇ ಹೇಳುತ್ತೇನೆ, ಉಳಿದದ್ದನ್ನು ಗೆದ್ದು ಸೋತ ಅನುಭವವಿರುವವರು ಹೇಳಲಿ.

ಅವಿರೋಧ ಆಯ್ಕೆ ತಾನಾಗಿ ತಪ್ಪಲ್ಲ. ನಾಮಪತ್ರ ಹಿಂತೆಗೆದುಕೊಳ್ಳುವ ಅವಧಿ ಮುಗಿದ ಮೇಲೆ ಒಂದು ಸ್ಥಾನಕ್ಕೆ ಒಬ್ಬರೇ ಉಳಿದರೆ ಚುನಾವಣಾಧಿಕಾರಿ ಅವರನ್ನು ಆಯ್ಕೆಯಾದವರೆಂದು ಘೋಷಿಸಲೇಬೇಕು. ಆದರೆ ಆ ಒಬ್ಬರು ಹೇಗೆ ಉಳಿದರು ಎಂಬುದನ್ನು ಕಾನೂನು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ‘ಚುನಾವಣಾ ಹಕ್ಕು’ ಎಂದರೆ ಮತ ಹಾಕುವ ಹಕ್ಕು ಮಾತ್ರವಲ್ಲ, ಅಭ್ಯರ್ಥಿಯಾಗಿ ನಿಲ್ಲುವ, ನಿಲ್ಲದಿರುವ, ಉಮೇದುವಾರಿಕೆಯನ್ನು ಹಿಂದಕ್ಕೆ ಪಡೆಯುವ ಹಕ್ಕೂ ಹೌದು ಎಂದು 169ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಹಕ್ಕನ್ನು ಒಂದು ರೀತಿಯಲ್ಲಿ ಚಲಾಯಿಸುವಂತೆ ಮಾಡಲು ಆಮಿಷ ಒಡ್ಡುವುದು 170ನೆಯ ಕಲಮಿನ ಪ್ರಕಾರ ಲಂಚ, ಬೆದರಿಕೆಯಿಂದ ಅದಕ್ಕೆ ಅಡ್ಡಿಪಡಿಸುವುದು 171ನೆಯ ಕಲಮಿನ ಪ್ರಕಾರ ಅಕ್ರಮ ಪ್ರಭಾವ. ಎರಡಕ್ಕೂ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಇರಬಹುದು. ಹಳೆಯ ದಂಡ ಸಂಹಿತೆಯಲ್ಲೂ ಈ ವಿಧಿಗಳಿದ್ದವು. 2020ರ ಚುನಾವಣೆಯ ವೇಳೆ ರಾಜ್ಯದ ಕೆಲವು ಕಡೆಗಳಿಂದ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳು ಬಂದಾಗ ರಾಜ್ಯ ಚುನಾವಣಾ ಆಯೋಗವು ಕ್ರಮ ಕೈಗೊಳ್ಳುವಂತೆ ಜಿಲ್ಲಾಧಿಕಾರಿಗಳಿಗೆ ಸೂಚಿಸಿತ್ತು. ಹಣ ಗುಡಿಗೆ ಹೋಯಿತು, ಯಾರ ಜೇಬಿಗೂ ಅಲ್ಲ ಎಂಬ ವಾದವನ್ನು ಹಳ್ಳಿಯಲ್ಲಿ ಬಹಳ ಜನ ನಂಬಿದ್ದಾರೆ. ಹಣ ಎಲ್ಲಿಗೆ ಹೋಯಿತೆಂಬುದರಿಂದ ಸ್ಥಾನದ ಮಾರಾಟ ಮಾರಾಟವಲ್ಲದೆ ಹೋಗುವುದಿಲ್ಲ.

ಊರು ಒಪ್ಪಿದವರ ಎದುರು ನೀವೊಬ್ಬರೇ ನಾಮಪತ್ರ ಹಾಕಿದರೆ ಏನಾಗುತ್ತದೆಂದು ಕೇಳಿದ್ದೀರಿ. ಚುನಾವಣೆ ನಡೆಯುತ್ತದೆ, ಅಷ್ಟೇ. ದೈವಸ್ಥರ ತೀರ್ಮಾನಕ್ಕೆ ನಾಮಪತ್ರದ ಮೇಜಿನ ಮುಂದೆ ಯಾವ ಬಲವೂ ಇಲ್ಲ. ಹಿಂತೆಗೆದುಕೊಳ್ಳುವ ಸೂಚನಾ ಪತ್ರಕ್ಕೆ ಸಹಿ ಹಾಕಬೇಕಾದವರು ಅಭ್ಯರ್ಥಿಯಾದ ನೀವೇ. ಒಮ್ಮೆ ಸಹಿ ಹಾಕಿ ಕೊಟ್ಟರೆ ಅದನ್ನು ರದ್ದು ಮಾಡಲಾಗದು ಎಂಬುದನ್ನು ಮಾತ್ರ ನೆನಪಿನಲ್ಲಿಡಿ. ಮನೆಗೆ ಬಂದು ಕಾಗದ ಮುಂದಿಟ್ಟು ಸಹಿ ಕೇಳುವ ಪದ್ಧತಿ ಇದೆ. ಆ ಎರಡು ಮೂರು ದಿನ ಯಾವ ಖಾಲಿ ಕಾಗದಕ್ಕೂ ಸಹಿ ಹಾಕಬೇಡಿ.

ಈಗ ಸಿದ್ಧತೆಯ ಮಾತು. ಪಂಚಾಯಿತಿ ಚುನಾವಣೆಯ ಕಾಲಾವಕಾಶ ಎಷ್ಟು ಕಡಿಮೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. 2020ರಲ್ಲಿ ಮೊದಲ ಹಂತದ ಅಧಿಸೂಚನೆ ಹೊರಬಿದ್ದದ್ದು ಡಿಸೆಂಬರ್ 7ರಂದು. ನಾಮಪತ್ರಕ್ಕೆ 11 ಕೊನೆಯ ದಿನವಾಗಿತ್ತು, 12ರಂದು ಪರಿಶೀಲನೆ, 14ರಂದು ಹಿಂತೆಗೆತಕ್ಕೆ ಕೊನೆ, 22ರಂದು ಮತದಾನ. ಅಧಿಸೂಚನೆ ಬಂದ ಮೇಲೆ ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಓಡಾಡಲು ಹೊರಟವರು ಕೊನೆಯ ದಿನ ಮಧ್ಯಾಹ್ನ ಕಣ್ಣೀರು ಹಾಕಿದ್ದನ್ನು ನಾನು ಕಂಡಿದ್ದೇನೆ. ನೀವು ಮೀಸಲು ಪ್ರವರ್ಗದವರಾಗಿದ್ದು ಆ ಸ್ಥಾನಕ್ಕೆ ನಿಲ್ಲುವುದಾದರೆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಜಾತಿ ಪರಿಗಣನೆಯಾಗುವುದು ತಂದೆಯ ಕಡೆಯಿಂದ, ಗಂಡನ ಕಡೆಯಿಂದಲ್ಲ. ಗಂಡನ ಹೆಸರಿನ ದಾಖಲೆಗಳನ್ನು ಹಿಡಿದು ಬಂದು ಪರಿಶೀಲನೆಯ ದಿನ ತಿರಸ್ಕೃತರಾದವರಿದ್ದಾರೆ.

ವಯಸ್ಸು 21 ತುಂಬಿರಬೇಕು, ಹೆಸರು ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರಬೇಕು. ವಿದ್ಯಾಭ್ಯಾಸದ ಷರತ್ತು ನಮ್ಮ ರಾಜ್ಯದಲ್ಲಿಲ್ಲ, ಆದ್ದರಿಂದ ಎಸ್ಸೆಸ್ಸೆಲ್ಸಿ ಎಂಬ ಅಳುಕು ಬೇಡ. ಪಂಚಾಯಿತಿಯ ಯಾವುದೇ ಗುತ್ತಿಗೆಯಲ್ಲಿ ನಿಮ್ಮ ಪಾಲಿರಬಾರದು. ಮನೆ ಕಂದಾಯ, ನೀರಿನ ಕರ ಬಾಕಿಯಿದ್ದರೆ ಈಗಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಎದುರಾಳಿಗಳು ಮೊದಲು ಹುಡುಕುವುದು ಅದನ್ನೇ. ಠೇವಣಿ ದೊಡ್ಡ ಮೊತ್ತವೇನಲ್ಲ. ಕಳೆದ ಬಾರಿ ಸಾಮಾನ್ಯ ಅಭ್ಯರ್ಥಿಗಳಿಗೆ 200 ರೂಪಾಯಿ, ಮಹಿಳೆಯರಿಗೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೂ 100 ರೂಪಾಯಿ ಇತ್ತು. ನಾಮಪತ್ರಕ್ಕೆ ನಿಮ್ಮ ಕ್ಷೇತ್ರದ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಊರಿನ ಒತ್ತಡ ಇರುವ ಕಡೆ ಸೂಚಕರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವುದುಂಟು, ಇಬ್ಬರು ಮೂವರೊಡನೆ ಮೊದಲೇ ಮಾತನಾಡಿಟ್ಟಿರಿ.

ಇನ್ನೊಂದು ವಿಷಯ. ಮಹಿಳೆಗೆ ಮೀಸಲಾದ ಸ್ಥಾನ ಬಂದರೆ ಮಾತ್ರ ನಿಲ್ಲಬಹುದೆಂದು ಬಹಳ ಹೆಣ್ಣುಮಕ್ಕಳು ತಿಳಿದಿದ್ದಾರೆ. ಮೀಸಲಾತಿ ಪ್ರತಿ ಚುನಾವಣೆಗೂ ಬದಲಾಗುತ್ತದೆ, ನಿಮ್ಮ ಕ್ಷೇತ್ರಕ್ಕೆ ಈ ಬಾರಿ ಏನು ಬರುತ್ತದೆಂದು ಅಧಿಸೂಚನೆಯಲ್ಲಿಯೇ ನೋಡಬೇಕು. ಅದು ಹೇಗೇ ಬಂದರೂ ಸಾಮಾನ್ಯ ಸ್ಥಾನಕ್ಕೆ ಮಹಿಳೆ ನಿಲ್ಲುವುದಕ್ಕೆ ಯಾವ ತಡೆಯೂ ಇಲ್ಲ.

ಉತ್ತರ: ಮಾಜಿ ಸದಸ್ಯೆ, ಹೊಳಲ್ಕೆರೆ ತಾಲ್ಲೂಕು

ನಿಮ್ಮ ಬರಹದಲ್ಲಿ ನೀರಿನ ಘಟಕದ ಮಾತು ಓದಿದಾಗಲೇ ನೀವು ನಿಲ್ಲಬೇಕೆಂದು ನನಗೆ ಅನ್ನಿಸಿತು. ಸಾಮಾನ್ಯವಾಗಿ ಊರಿನಲ್ಲಿ ‘ಇವರನ್ನು ನಿಲ್ಲಿಸೋಣ’ ಎಂದು ಬೇರೆಯವರು ಹೇಳುತ್ತಾರೆ, ನಿಂತವರಿಗೆ ಏಕೆ ನಿಂತೆವೆಂದು ತಿಳಿದಿರುವುದಿಲ್ಲ. ನಿಮಗೆ ತಿಳಿದಿದೆ.

ನಾನು ಒಂದು ಅವಧಿಗೆ ಸದಸ್ಯೆಯಾಗಿದ್ದೆ. ನಮ್ಮ ಕ್ಷೇತ್ರದಲ್ಲಿ ಹಣ ಖರ್ಚು ಮಾಡಿದವರೂ ಇದ್ದರು, ಮತದಾನದ ಹಿಂದಿನ ರಾತ್ರಿ ಏನೇನು ಹಂಚುತ್ತಾರೆಂದು ಇಲ್ಲಿ ಬರೆಯಬೇಕಾಗಿಲ್ಲ. ಆದರೂ ಗ್ರಾಮ ಪಂಚಾಯಿತಿಯ ಕ್ಷೇತ್ರ ಎಷ್ಟು ಚಿಕ್ಕದೆಂದು ಯೋಚಿಸಿ ನೋಡಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಎಂಬುದು ನಮ್ಮ ಕಾಯ್ದೆಯ ಲೆಕ್ಕ. ಮಕ್ಕಳನ್ನು ಬಿಟ್ಟು ಮತದಾರರನ್ನಷ್ಟೇ ಎಣಿಸಿದರೆ ಪ್ರತಿಯೊಬ್ಬರ ಮನೆ, ಹೆಸರು, ಕಷ್ಟ ನಿಮಗೆ ಗೊತ್ತಿರುವಷ್ಟೇ ಜನ. ಗೆಲುವು ಸೋಲು ಕೆಲವೇ ಮತಗಳಲ್ಲಿ ತೀರ್ಮಾನವಾಗುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ನಡೆದು ಹೋಗಿ ಮಾತನಾಡಿಸುವುದಕ್ಕಿಂತ ದೊಡ್ಡ ಪ್ರಚಾರವಿಲ್ಲ.

ಮತದಾರರ ಪಟ್ಟಿಯನ್ನು ಪಡೆದು ಮನೆಮನೆಯ ಲೆಕ್ಕ ಬರೆದುಕೊಳ್ಳಿ. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಯವರು ಬೆಂಗಳೂರಿಗೋ ಕಾಫಿ ತೋಟಗಳಿಗೋ ದುಡಿಯಲು ಹೋಗಿರುತ್ತಾರೆ. ಅವರು ಮತದಾನಕ್ಕೆ ಬರುತ್ತಾರೆಯೇ ಎಂದು ಅವರ ಮನೆಯ ಹಿರಿಯರನ್ನು ವಿಚಾರಿಸಿ, ಫೋನಿನಲ್ಲಿ ನೀವೇ ಮಾತನಾಡಿ. ದೂರದಲ್ಲಿರುವವರನ್ನು ಯಾರೂ ಕೇಳುವುದಿಲ್ಲ, ಕೇಳಿದವರನ್ನು ಅವರು ಮರೆಯುವುದಿಲ್ಲ. ಸಂಜೆ ಗಂಡಸರು ಕಟ್ಟೆಗೆ ಹೋದ ಮೇಲೆ ಹೆಂಗಸರ ಜೊತೆ ಕುಳಿತು ಮಾತನಾಡಿದರೆ ಅವರು ಹೇಳುವ ವಿಷಯಗಳೇ ಬೇರೆ: ರಾತ್ರಿ ಬಯಲಿಗೆ ಹೋಗುವ ದಾರಿಯಲ್ಲಿ ದೀಪವಿಲ್ಲದಿರುವುದು, ನಲ್ಲಿ ನೀರು ಬಿಡುವ ಹೊತ್ತು ಕೂಲಿಗೆ ಹೋಗುವ ಹೊತ್ತಿಗೇ ಬರುವುದು. ಈ ಮಾತುಗಳನ್ನು ಬರೆದಿಟ್ಟುಕೊಳ್ಳಿ, ಗೆದ್ದರೆ ಬೇಕಾಗುವುದು ಇವೇ.

ಒಂದು ಕ್ಷೇತ್ರಕ್ಕೆ ಎರಡು ಮೂರು ಸ್ಥಾನಗಳಿದ್ದರೆ ಪ್ರತಿ ಮತದಾರರಿಗೂ ಅಷ್ಟೇ ಮತಗಳಿರುತ್ತವೆ, ಒಬ್ಬ ಅಭ್ಯರ್ಥಿಗೆ ಒಂದೇ ಮತ. ಇದನ್ನು ಪ್ರಚಾರದಲ್ಲಿ ಬಿಡಿಸಿ ಹೇಳಬೇಕು. ಬೇರೊಬ್ಬರಿಗೆ ಮಾತು ಕೊಟ್ಟಿದ್ದೇವೆ ಎನ್ನುವ ಮನೆಯವರು ಇನ್ನೊಂದು ಮತ ನಿಮಗೆ ಹಾಕಬಹುದೆಂಬುದು ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ. ನನ್ನ ಗೆಲುವಿಗೆ ಇಂತಹ ಮತಗಳೇ ಹೆಚ್ಚು ಕಾರಣವಾದವು ಎಂದು ನಾನು ನಂಬಿದ್ದೇನೆ. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಆಯೋಗ ಕೊಡುವ ಚಿಹ್ನೆ ಕೈಗೆ ಬಂದ ಮೇಲೆ ಉಳಿಯುವುದು ಒಂದು ವಾರವಷ್ಟೇ. ನನ್ನ ಚಿಹ್ನೆಯನ್ನು ಓದು ಬಾರದ ಅಜ್ಜಿಯಂದಿರಿಗೆ ನೆನಪಿರುವಂತೆ ಮಾಡುವುದರಲ್ಲಿ ಆ ವಾರ ಮುಗಿದುಹೋಯಿತು.

ಯಜಮಾನರ ಅಳುಕಿನ ಬಗ್ಗೆ ಒಂದು ಮಾತು. ಅವರು ಹೇಳುವುದರಲ್ಲಿ ಸತ್ಯವಿದೆ, ಅದನ್ನು ಹಗುರವಾಗಿ ನೋಡಬೇಡಿ. ಭಾಗದಾರರ ಜೊತೆ ಕುಳಿತು, ಸೋತರೂ ಗೆದ್ದರೂ ಬದುವಿನ ವಿಷಯಕ್ಕೆ ಇದನ್ನು ತರುವುದಿಲ್ಲವೆಂದು ನೀವಿಬ್ಬರೂ ಮೊದಲೇ ಮಾತನಾಡಿಕೊಳ್ಳಿ. ಗೆದ್ದ ಮೇಲೆ ಸಭೆಗೆ ಹೋಗುವವರು ನೀವೇ, ಅವರಲ್ಲ ಎಂಬುದನ್ನೂ ಅಂದೇ ತೀರ್ಮಾನ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಈ ಮಾತು ಮೊದಲೇ ಆಗಿದ್ದರಿಂದ ಮುಂದೆ ಜಗಳಕ್ಕೆ ಎಡೆ ಇರಲಿಲ್ಲ. ಮೊದಲ ಸಭೆಗಳಲ್ಲಿ ನನಗೆ ಮಾತೇ ಹೊರಡುತ್ತಿರಲಿಲ್ಲ, ಆದರೆ ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕವನ್ನು ಓದದೆ ಎಂದೂ ಸಹಿ ಹಾಕಲಿಲ್ಲ. ಅಷ್ಟು ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಉತ್ತರ: ರೈತ, ದಾವಣಗೆರೆ ತಾಲ್ಲೂಕು

ಎಲ್ಲರೂ ಒಂದೇ ದಿಕ್ಕಿನಲ್ಲಿ ಹೇಳುತ್ತಿದ್ದಾರೆ, ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ, ತಾಯಿ ಬೇಸರಪಡಬಾರದು.

ನಮ್ಮದು ಭದ್ರಾ ನಾಲೆಯ ಊರು. ಹಿಂದೊಮ್ಮೆ ಪಂಚಾಯಿತಿ ಚುನಾವಣೆಯಲ್ಲಿ ಹುಟ್ಟಿದ ವೈರದಿಂದ ನಾಲೆಯ ನೀರು ಬಿಡುವ ಸರದಿಯವರೆಗೂ ಜಗಳವಾಗಿ, ಎರಡು ಮನೆತನಗಳು ಮದುವೆ ಮುಂಜಿಗೆ ಹೋಗಿ ಬರುವುದನ್ನೂ ನಿಲ್ಲಿಸಿದವು. ಆ ನಂತರ ಊರಿನ ಹಿರಿಯರು ಸೇರಿ, ಎಲ್ಲ ಕೇರಿಗಳವರನ್ನೂ ಕೂರಿಸಿಕೊಂಡು, ಒಬ್ಬ ನಿವೃತ್ತ ಮೇಷ್ಟ್ರನ್ನೂ ಒಬ್ಬ ವಿದ್ಯಾವಂತ ಹೆಣ್ಣುಮಗಳನ್ನೂ ಅವಿರೋಧವಾಗಿ ಕಳಿಸಿದರು. ಒಂದು ರೂಪಾಯಿಯೂ ಕೈ ಬದಲಾಗಲಿಲ್ಲ. ಇಬ್ಬರೂ ಒಳ್ಳೆಯ ಕೆಲಸ ಮಾಡಿದರು. ಆದ್ದರಿಂದ ಅವಿರೋಧ ಎಂದ ಕೂಡಲೇ ಅದು ಅನ್ಯಾಯ ಎಂದು ತಿಳಿಯಬಾರದು. ಪಟ್ಟಣದಲ್ಲಿ ಕುಳಿತವರಿಗೆ ಸ್ಪರ್ಧೆ ಎಂದರೆ ಒಂದು ದಿನದ ವಿಷಯ, ನಮಗೆ ಅದರ ನಂತರ ಐದು ವರ್ಷ ಅದೇ ಬೀದಿಯಲ್ಲಿ ಬದುಕಬೇಕು.

ನಿಮ್ಮೂರಿನಲ್ಲಿ ಹಣದ ಮಾತು ಬಂದಿದೆ ಎನ್ನುತ್ತೀರಿ, ಅದು ತಪ್ಪು, ಅದನ್ನು ನಾನು ಒಪ್ಪುವುದಿಲ್ಲ. ಆದರೂ ನೇರವಾಗಿ ನಾಮಪತ್ರದ ಮೇಜಿಗೆ ಹೋಗುವ ಮುನ್ನ ದೈವಸ್ಥರ ಮುಂದೆ ಹೋಗಿ ನಿಮ್ಮ ಇಚ್ಛೆಯನ್ನು ಹೇಳಿ. ನಿಮ್ಮ ಸಂಘದ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಣದ ಬದಲು ಕೆಲಸ ಬಲ್ಲವರನ್ನು ಕಳಿಸಿ ಎಂದು ಕೇಳಿದರೆ ಒಪ್ಪುವವರೂ ಅಲ್ಲಿ ಇರಬಹುದು. ಅವರು ಒಪ್ಪದಿದ್ದರೆ ಆಗ ನಿಲ್ಲಿ, ಹೇಳಿ ಮಾಡಿದವರ ಮೇಲೆ ಊರಿಗೆ ಅಷ್ಟು ಕೋಪ ಉಳಿಯುವುದಿಲ್ಲ.

ಉತ್ತರ: ಮಾಜಿ ಸದಸ್ಯೆ, ಹೊಳಲ್ಕೆರೆ ತಾಲ್ಲೂಕು

ಮೇಲೆ ಬರೆದ ರೈತ ಹಿರಿಯರ ಸಲಹೆಯ ಕೊನೆಯ ಭಾಗವನ್ನು ನಾನೂ ಒಪ್ಪುತ್ತೇನೆ, ಹೇಳಿಯೇ ನಿಲ್ಲುವುದು ಒಳ್ಳೆಯದು. ಆದರೆ ಒಂದನ್ನು ಕೇಳಲೇಬೇಕು. ನಿಮ್ಮೂರಿನ ಆ ಸಭೆಯಲ್ಲಿ ಎಷ್ಟು ಹೆಂಗಸರು ಕುಳಿತಿದ್ದರು? ಎಲ್ಲ ಕೇರಿಗಳವರು ಬಂದಿದ್ದರು ಎಂದರೆ, ಬಂದವರೆಲ್ಲರೂ ಕಟ್ಟೆಯ ಮೇಲೆ ಕುಳಿತು ಮಾತನಾಡಿದರೇ, ಅಥವಾ ಕೆಲವರು ದೂರದಲ್ಲಿ ನಿಂತು ಕೇಳಿಸಿಕೊಂಡು ಹೋದರೇ? ಮತಪೆಟ್ಟಿಗೆಯ ಮುಂದೆ ನಿಂತಾಗ ಕೂಲಿಯ ಹೆಣ್ಣುಮಗಳ ಮತಕ್ಕೂ ಗೌಡರ ಮತಕ್ಕೂ ಒಂದೇ ಬೆಲೆ. ಕಟ್ಟೆಯ ಮೇಲೆ ಹಾಗಿರುವುದಿಲ್ಲ. ನಿಮ್ಮ ಹಿರಿಯರು ಒಳ್ಳೆಯವರಾಗಿದ್ದರಿಂದ ಒಳ್ಳೆಯವರನ್ನು ಆರಿಸಿದರು. ಅವರು ಹಾಗಿಲ್ಲದಿದ್ದರೆ ಅದನ್ನು ಸರಿಪಡಿಸುವ ದಾರಿ ಆ ಪದ್ಧತಿಯೊಳಗೆ ಇಲ್ಲ, ನನ್ನ ಆಕ್ಷೇಪ ಇಷ್ಟೇ.

ಉತ್ತರ: ಉಪನ್ಯಾಸಕ, ದಾವಣಗೆರೆ ನಗರ

ಈ ಚರ್ಚೆಯಲ್ಲಿ ನನಗೆ ಗೊತ್ತಿರುವ ಎರಡು ವಿಷಯಗಳನ್ನು ಸೇರಿಸುತ್ತೇನೆ. ಮೊದಲನೆಯದು, ನೀವು ನಿಲ್ಲಲಿರುವ ಆ ಸ್ಥಾನ ಎಲ್ಲಿಂದ ಬಂತೆಂಬುದು. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು, ಆ ಪ್ರಕಾರ 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೆಯ ಒಂದು ಭಾಗ ಮೀಸಲಾತಿ ಕಡ್ಡಾಯವಾದದ್ದು ಅದಾದ ಮೇಲೆ, 1993ರಲ್ಲಿ. ನಮ್ಮ ರಾಜ್ಯದಲ್ಲಿ ಇಂದು ಅದು ಅರ್ಧದಷ್ಟಿದೆ. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಕರೆಸಿಕೊಂಡವರೇ ಪಂಚಾಯಿತಿಗೆ ಅಧಿಕಾರ ಕೊಡಲು ಹೋರಾಡಿದರು ಎಂಬುದು ನಿಮ್ಮ ನೀರಿನ ಘಟಕದ ವಿಷಯ ಓದುವಾಗ ನೆನಪಾಯಿತು. ನಲವತ್ತು ವರ್ಷಗಳ ಈ ಪ್ರಯತ್ನದಿಂದ ಬಂದ ಸ್ಥಾನವನ್ನು ಗುಡಿಯ ದೇಣಿಗೆಗೆ ಅಳೆದು ಕೊಡುವುದನ್ನು ನೋಡಿ ಸುಮ್ಮನಿರಲು ನನಗಂತೂ ಆಗುವುದಿಲ್ಲ.

ಎರಡನೆಯದು ಹಣದ ವಿಷಯ. ಘಟಕ ಕೆಟ್ಟಿದೆ, ಅನುದಾನವಿಲ್ಲ ಎಂಬ ಉತ್ತರ ನಿಮಗೆ ಸಿಕ್ಕಿರಬಹುದು. ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಂತೆ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಬಂದ ಅನುದಾನದಲ್ಲಿ ಶೇಕಡ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ನಿರ್ಬಂಧವಿತ್ತು. ನಿಮ್ಮ ಪಂಚಾಯಿತಿ ಆ ಭಾಗವನ್ನು ಯಾವುದಕ್ಕೆ ಬಳಸಿತೆಂದು ಕೇಳಲು ನೀವು ಸದಸ್ಯರಾಗಿರಬೇಕೆಂದಿಲ್ಲ. ಕೇಂದ್ರದ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿಯನ್ನು ಆರಿಸಿದರೆ ವಾರ್ಷಿಕ ಯೋಜನೆಯನ್ನೂ ಪಾವತಿಗಳನ್ನೂ ನೋಡಬಹುದು. ಅದರಲ್ಲಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿ, ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಮತದಾರರೆಲ್ಲರಿಗೂ ಇದೆ. ಚುನಾವಣೆಗೆ ಮೊದಲು ಬರುವ ವಾರ್ಡ್ ಸಭೆ, ಗ್ರಾಮ ಸಭೆಗಳಿಗೆ ಸಂಘದವರೊಡನೆ ಹೋಗಿ ಘಟಕದ ಪ್ರಶ್ನೆಯನ್ನು ಎತ್ತಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನೀವು ಯಾರೆಂದು ಊರಿಗೆ ಪರಿಚಯವಾಗುವುದು ಅಲ್ಲಿಯೇ.

ನಮ್ಮ ನಗರದಲ್ಲಿ ಮಹಾನಗರ ಪಾಲಿಕೆಯ 45 ವಾರ್ಡುಗಳಿಗೆ ಚುನಾವಣೆ ನಡೆಯುವಾಗ ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತೋರಿಸುವ ಬಿ ಫಾರಂ ಸಿಗುವುದೇ ಅರ್ಧ ಹೋರಾಟ. ಒಳ್ಳೆಯ ಕೆಲಸಗಾರರು ಎಷ್ಟೋ ಜನ ಪಕ್ಷದ ಕಚೇರಿಯ ಬಾಗಿಲಲ್ಲೇ ನಿಂತುಹೋಗುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ಆ ಬಾಗಿಲೇ ಇಲ್ಲ. ನಿಮ್ಮ ಹೆಸರು ಪಟ್ಟಿಯಲ್ಲಿದ್ದು, ಸೂಚಕರೊಬ್ಬರು ಸಿಕ್ಕರೆ, ನೀವು ಅಭ್ಯರ್ಥಿ. ಪಟ್ಟಣದ ನಮಗೆ ಇಲ್ಲದ ಈ ಅನುಕೂಲವನ್ನು ದಯವಿಟ್ಟು ಬಿಟ್ಟುಕೊಡಬೇಡಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಣ್ಣನವರು, ಅಕ್ಕನವರು ಹೇಳಿದ್ದನ್ನು ನಿನ್ನೆ ರಾತ್ರಿ ಯಜಮಾನರಿಗೂ ಅತ್ತೆಯವರಿಗೂ ಓದಿ ಹೇಳಿದೆ. ದೈವಸ್ಥರ ಮುಂದೆ ಹೋಗಿ ಹೇಳಿಯೇ ನಿಲ್ಲುವುದೆಂದು ಮೂವರೂ ಒಪ್ಪಿದ್ದೇವೆ. ಸಂಘದಲ್ಲಿಯೂ ಮಾತನಾಡಿದ್ದೇನೆ, ಜೊತೆಗೆ ಬರುತ್ತೇವೆ ಎಂದವರು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ. ಆದರೆ ಪಟ್ಟಿ ನೋಡಿದಾಗ ಒಂದು ತೊಂದರೆ ಕಾಣಿಸಿತು. ನನ್ನ ತವರು ಚನ್ನಗಿರಿ ತಾಲ್ಲೂಕು, ನನ್ನ ಹೆಸರು ಈಗಲೂ ಅಲ್ಲಿನ ಮತದಾರರ ಪಟ್ಟಿಯಲ್ಲೇ ಇದೆ, ಇಲ್ಲಿಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ತವರಿಗೆ ಹೋಗಿ ಮತ ಹಾಕಿ ಬರುತ್ತಿದ್ದೆ. ಇಲ್ಲಿ ಹೊಸದಾಗಿ ಸೇರಿಸಲು ಅರ್ಜಿ ಕೊಡಬೇಕೇ, ಅಥವಾ ಅಲ್ಲಿಂದ ಮೊದಲು ತೆಗೆಸಬೇಕೇ?

ಉತ್ತರ: ನಿವೃತ್ತ ಸರ್ಕಾರಿ ನೌಕರ, ಚಿತ್ರದುರ್ಗ

ತಂಗಿ, ಇದನ್ನು ಈಗಲೇ ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ನಾಮಪತ್ರಗಳು ನಿಂತುಹೋಗಲು ಇದು ದೊಡ್ಡ ಕಾರಣ. ಹೊಸ ಮತದಾರರೆಂದು ನಮೂನೆ 6 ಕೊಡಬೇಡಿ, ಅದನ್ನು ಕೊಟ್ಟರೆ ಎರಡು ಕಡೆ ಹೆಸರಿರುವ ತಕರಾರು ಹುಟ್ಟುತ್ತದೆ. ವಾಸಸ್ಥಳ ಬದಲಾವಣೆಗೆ ನಮೂನೆ 8 ಇದೆ. 2022ರಿಂದ ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಬದಲಾಗುವವರೂ ಇದನ್ನೇ ಬಳಸಬೇಕು, ಚನ್ನಗಿರಿಯಿಂದ ಜಗಳೂರಿಗೆ ಬಂದ ನಿಮಗೂ ಇದೇ. ಅದರಲ್ಲಿ ಹಳೆಯ ಗುರುತಿನ ಚೀಟಿಯ ಸಂಖ್ಯೆಯನ್ನೂ ಈಗಿನ ಮನೆಯ ವಿಳಾಸವನ್ನೂ ಬರೆದು, ವಿಳಾಸದ ದಾಖಲೆ ಲಗತ್ತಿಸಿ, ನಿಮ್ಮ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅಂದರೆ ಬಿಎಲ್‌ಒ ಅವರಿಗೆ ಕೊಡಿ. ಚುನಾವಣಾ ಆಯೋಗದ ಮೊಬೈಲ್ ಆ್ಯಪ್‌ನಲ್ಲಿಯೂ ಹಾಕಬಹುದು, ಆದರೆ ಕೈಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು ನಿಮಗೆ ಭದ್ರ. ತವರಿನ ಪಟ್ಟಿಯಿಂದ ಹೆಸರು ತೆಗೆಯುವುದು ಆ ಪ್ರಕ್ರಿಯೆಯಲ್ಲೇ ಆಗುತ್ತದೆ.

ಗ್ರಾಮ ಪಂಚಾಯಿತಿಯ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದಲೇ ಸಿದ್ಧಪಡಿಸುತ್ತಾರೆ. ಅದರ ಕರಡು ಪ್ರಕಟವಾದ ದಿನ ಪಂಚಾಯಿತಿ ಕಚೇರಿಗೆ ಹೋಗಿ ನಿಮ್ಮ ಹೆಸರಷ್ಟೇ ಅಲ್ಲ, ಅದು ಸರಿಯಾದ ಕ್ಷೇತ್ರದ ಭಾಗದಲ್ಲಿದೆಯೇ ಎಂದೂ ನೋಡಿ. ಒಂದೇ ಊರಿನ ಎರಡು ಕ್ಷೇತ್ರಗಳ ನಡುವೆ ಮನೆಗಳು ಅದಲುಬದಲಾಗುವುದುಂಟು, ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ. ನಿಮ್ಮ ಸಂಘದಲ್ಲಿ ಮದುವೆಯಾಗಿ ಬಂದ ಬೇರೆ ಹೆಣ್ಣುಮಕ್ಕಳ ಹೆಸರುಗಳೂ ತವರಿನಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಅವರ ಅರ್ಜಿಗಳನ್ನೂ ಜೊತೆಯಲ್ಲಿ ಕೊಡಿಸಿ.

ಪ್ರಶ್ನೆ ಕೇಳಿದವರು

ಅರ್ಥವಾಯಿತು ಅಣ್ಣನವರೇ. ನಮ್ಮ ಮತಗಟ್ಟೆಯ ಬಿಎಲ್‌ಒ ನಮ್ಮ ಓಣಿಯ ಅಂಗನವಾಡಿ ಶಿಕ್ಷಕಿಯೇ ಆಗಿದ್ದಾರೆ. ಸಂಘದಲ್ಲಿ ವಿಚಾರಿಸಿದಾಗ ಇನ್ನೂ ಕೆಲವರ ಹೆಸರು ಬೇರೆ ಊರಿನ ಪಟ್ಟಿಗಳಲ್ಲೇ ಇರುವುದು ತಿಳಿಯಿತು. ಎಲ್ಲರ ಗುರುತಿನ ಚೀಟಿ, ಪಡಿತರ ಚೀಟಿಗಳ ನಕಲುಗಳನ್ನು ಸೇರಿಸುತ್ತಿದ್ದೇನೆ, ಸೋಮವಾರ ಒಟ್ಟಿಗೆ ಹೋಗಿ ಕೊಟ್ಟು ಬರುತ್ತೇವೆ.